ಲಾಂಚ್‌ಗೆ ಮುಂಚೆ ಟಿಎಲ್‌ಇ ಮಾಡಿದೆ, ಇನ್‌ಕ್ಲಿನೇಷನ್ 101 ಬರುತ್ತಿದೆ, ಯಾಕೆ?

ಹೊಸಕಕ್ಷೆ:
ನಮ್ಮ ಕ್ಯೂಬ್‌ಸ್ಯಾಟ್ (ಡಬ್ಬಿಯಂಥ ಪುಟ್ಟ ಉಪಗ್ರಹ) ಮುಂದಿನ ತಿಂಗಳು ಹಾರಲಿದೆ. 500 ಕಿ.ಮೀ. ಎತ್ತರ, ಸನ್ ಸಿಂಕ್ರೊನಸ್ (ಸೂರ್ಯನಿಗೆ ಹೊಂದಿಕೊಂಡು ತಿರುಗುವ) ಕಕ್ಷೆ. ಉಪಗ್ರಹ ರಾಕೆಟ್‌ನಿಂದ ಬೇರ್ಪಡುವ ಕ್ಷಣದ ಸ್ಥಾನ, ವೇಗ ಎರಡನ್ನೂ ಲಾಂಚ್ ಕಡೆಯವರು ಕೊಟ್ಟಿದ್ದಾರೆ. ಸಮಭಾಜಕದ ಹತ್ತಿರವೇ ಬೇರ್ಪಡುತ್ತದೆ. ಮೊದಲ ಪಾಸ್, ಅಂದರೆ ಉಪಗ್ರಹ ನಮ್ಮ ಆಕಾಶದಲ್ಲಿ ಹಾದುಹೋಗುವುದು, ಯಾವಾಗ ಅಂತ ನೋಡಲು ಅದರಿಂದ ಟಿಎಲ್‌ಇ (ಕಕ್ಷೆಯನ್ನು ಹೇಳುವ ಎರಡು ಸಾಲಿನ ಅಂಕಿಗಳು) ಮಾಡಿದೆ. ಇನ್‌ಕ್ಲಿನೇಷನ್ (ಸಮಭಾಜಕಕ್ಕೆ ಕಕ್ಷೆಯ ಓರೆ) 97.4 ಡಿಗ್ರಿ ಬರಬೇಕಿತ್ತು, 101 ಬಂತು. ಅದೂ ಸಾಲದು ಅಂತ ಕಕ್ಷೆಯ ಒಂದು ತುದಿ 800 ಕಿ.ಮೀ. ಮುಟ್ಟುತ್ತಿದೆ. ತಪ್ಪು ಅವರದಾ, ನನ್ನದಾ?

ರಾತ್ರಿಪಾಸ್:
ನಿಮ್ಮದೇ. ಅವರು ಕೊಟ್ಟಿರುವುದು ಇಸಿಇಎಫ್‌ನಲ್ಲಿ ಇರಬೇಕು, ಅಂದರೆ ಭೂಮಿಯ ಜೊತೆಗೇ ತಿರುಗುವ ಫ್ರೇಮ್. ನೀವು ವೇಗಕ್ಕೆ ಭೂಮಿಯ ತಿರುಗುವಿಕೆ ಸೇರಿಸಿಲ್ಲ. ಸಮಭಾಜಕದ ಮೇಲೆ ಆ ಎತ್ತರದಲ್ಲಿ ಅದು ಪೂರ್ವಕ್ಕೆ ಸೆಕೆಂಡಿಗೆ ಅರ್ಧ ಕಿ.ಮೀ. ಸೇರಿಸಿ ನೋಡಿ, 800ರ ತುದಿಯೂ ಮಾಯವಾಗುತ್ತದೆ. ಎಲ್ಲರೂ ಒಮ್ಮೆ ಬೀಳುವ ಗುಂಡಿ ಇದು, ನಾನೂ ಬಿದ್ದಿದ್ದೇನೆ.

ಆ ಇಸಿಇಎಫ್ ಅಂಕಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಲಾಂಚ್ 10 ನಿಮಿಷ ತಡವಾದರೆ ಹೊಸ ಸಮಯ ಹಾಕಿ ಮತ್ತೆ ಲೆಕ್ಕ ಮಾಡಿದರಾಯಿತು. ಹಳೆ ಟಿಎಲ್‌ಇಯಲ್ಲಿ ಸಮಯ ಮಾತ್ರ ಬದಲಿಸಿದರೆ ಕೆಟ್ಟಿತು, ಅಷ್ಟರಲ್ಲಿ ಭೂಮಿ 2.5 ಡಿಗ್ರಿ ತಿರುಗಿರುತ್ತದೆ, ನಿಮ್ಮ ದಾರಿ ಸಮಭಾಜಕದಲ್ಲಿ ಸುಮಾರು 280 ಕಿ.ಮೀ. ಪಕ್ಕಕ್ಕೆ ಬೀಳುತ್ತದೆ.

ಡಾಪ್ಲರ್‌ಮಾವ:
ಇನ್ನೊಂದು ಕೊಕ್ಕೆ ಇದೆ. ಟಿಎಲ್‌ಇಗೆ ಬೇಕಾದದ್ದು ಆ ಒಂದು ಕ್ಷಣದ ಎಲಿಮೆಂಟ್ಸ್ (ಕಕ್ಷೆಯ ಅಳತೆಗಳು) ಅಲ್ಲ, ಎಸ್‌ಜಿಪಿ4 (ಟಿಎಲ್‌ಇಯಿಂದ ಸ್ಥಾನ, ವೇಗ ಕಂಡುಹಿಡಿಯುವ ವಿಧಾನ) ಲೆಕ್ಕದ ಸರಾಸರಿ ಎಲಿಮೆಂಟ್ಸ್. ಭೂಮಿ ನಡುವೆ ಉಬ್ಬಿದೆಯಲ್ಲ, ಅದರಿಂದ ಎರಡಕ್ಕೂ ಕೆಲವು ಕಿ.ಮೀ. ವ್ಯತ್ಯಾಸ. ಅರ್ಧ ದೀರ್ಘ ಅಕ್ಷ (ಕಕ್ಷೆಯ ಉದ್ದದ ಅರ್ಧ) 1 ಕಿ.ಮೀ. ತಪ್ಪಿದರೆ ಪ್ರತಿ ಸುತ್ತಿಗೂ 9.4 ಕಿ.ಮೀ. ಹಿಂದೋ ಮುಂದೋ, ದಿನಕ್ಕೆ 15 ಸುತ್ತು, ನೀವೇ ಗುಣಿಸಿಕೊಳ್ಳಿ. ಸುಮ್ನೆ ಸೂತ್ರಕ್ಕೆ ಹಾಕಬೇಡಿ. ಎಸ್‌ಜಿಪಿ4 ಓಡಿಸಿ, ಬಂದ ಸ್ಥಾನ, ವೇಗ ಅವರ ಅಂಕಿಗೆ ಕೂಡುವವರೆಗೆ ಎಲಿಮೆಂಟ್ಸ್ ತಿದ್ದುತ್ತಾ ಹೋಗಿ.

ಇಷ್ಟಾದರೂ ಉಪಗ್ರಹವನ್ನು ಹೊರಕ್ಕೆ ತಳ್ಳುವ ಡಿಪ್ಲಾಯರ್ ಸ್ಪ್ರಿಂಗ್ ಇದೆ. ಸೆಕೆಂಡಿಗೆ 1 ಮೀಟರ್ ಮುಂದಕ್ಕೆ ತಳ್ಳಿದರೆ ಸಾಕು, ಒಂದು ದಿನದ ಮೇಲೆ ಪಾಸ್ ಅರ್ಧ ನಿಮಿಷ ತಡ. ಹೌದು, ಮುಂದಕ್ಕೆ ತಳ್ಳಿದರೆ ತಡವೇ! ಕಕ್ಷೆ ದೊಡ್ಡದಾಗಿ ಸುತ್ತಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಪಕ್ಕಕ್ಕೆ ತಳ್ಳಿದರೆ ಸಮಯ ಅಷ್ಟೇನೂ ಬದಲಾಗುವುದಿಲ್ಲ.

ಹೊಸಕಕ್ಷೆ:
97.4 ಬಂತು! ಸ್ಪ್ರಿಂಗ್ ಯಾವ ಕಡೆಗೆ ಅಂತ ಕೇಳಿದ್ದೇನೆ, ಇನ್ನೂ ಉತ್ತರವಿಲ್ಲ.

ರಾತ್ರಿಪಾಸ್:
ಬರದಿದ್ದರೂ ಪರವಾಗಿಲ್ಲ. ಎರಡು ನಿಮಿಷ ಮುಂಚೆಯೇ ಸಿಗ್ನಲ್ ರೆಕಾರ್ಡಿಂಗ್ ಶುರು ಮಾಡಿ. 437 ಮೆಗಾಹರ್ಟ್ಸ್ ಆದರೆ ಡಾಪ್ಲರ್‌ಗೆ (ಉಪಗ್ರಹದ ವೇಗದಿಂದ ಆವರ್ತನ ಸರಿಯುವುದು) ಎರಡೂ ಕಡೆ 10 ಕಿಲೋಹರ್ಟ್ಸ್‌ಗಿಂತ ಸ್ವಲ್ಪ ಜಾಸ್ತಿ ಜಾಗ ಬಿಡಿ. ಆ ರೆಕಾರ್ಡಿಂಗ್ ಅಳಿಸಬೇಡಿ. ಒಟ್ಟಿಗೆ ಹಾರಿದವುಗಳ ಟಿಎಲ್‌ಇಗಳು ಬಂದಾಗ ಅವುಗಳಲ್ಲಿ ನಿಮ್ಮದು ಯಾವುದು ಅಂತ ಆ ಡಾಪ್ಲರ್ ಗೆರೆ ನೋಡಿಯೇ ಹಿಡಿಯಬೇಕು.