‘ಅಂತರ’ ಅಂದರೆ ಎಲ್ಲಿಂದ ಎಲ್ಲಿಗೆ? ತಗಡಿನ ಮಾಡಿನ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದಲ್ಲಿ ಹೋದ ಬೇಸಿಗೆಗೆ ಸೌದೆ ಕೊಟ್ಟಿಗೆಯ ಹೆಂಚು ಇಳಿಸಿ, ಕಬ್ಬಿಣದ ಪೈಪಿನ ಮೇಲೆ ಜಿಂಕ್ ಶೀಟಿನ ಮಾಡು, ಅಂದರೆ ಛಾವಣಿ, ಹಾಕಿಸಿದೆವು. ಕೆಲಸದವರಿಗೆ ಚೀಟಿ ಬರೆದುಕೊಟ್ಟವನು ನಾನೇ. ‘ಅಡ್ಡ ಪೈಪುಗಳ ನಡುವೆ 3 ಅಡಿ ಅಂತರ ಇರಲಿ’ ಎಂದು ಬರೆದಿದ್ದೆ. ಅವರು ಬರೆದಂತೆಯೇ ಮಾಡಿದರು. ಒಂದು ಪೈಪಿನ ಅಂಚಿನಿಂದ ಮುಂದಿನದರ ಅಂಚಿಗೆ ಸರಿಯಾಗಿ 3 ಅಡಿ. ನನ್ನ ಮನಸ್ಸಿನಲ್ಲಿ ಇದ್ದದ್ದು ಪೈಪಿನ ನಡುವಿನಿಂದ ಮುಂದಿನ ಪೈಪಿನ ನಡುವಿಗೆ 3 ಅಡಿ.

ಪೈಪು 2 ಇಂಚು ಅಗಲ. ಮೂರು ಸಂದು ದಾಟುವಷ್ಟರಲ್ಲಿ ನಾಲ್ಕನೇ ಪೈಪು 6 ಇಂಚು ಮೇಲೆ ಹೋಗಿತ್ತು. ಶೀಟುಗಳು ಮೊದಲೇ ಕತ್ತರಿಸಿ ಬಂದಿದ್ದವು. ಕೆಳಗಿನ ಶೀಟಿನ ಮೇಲೆ ಮೇಲಿನ ಶೀಟು ಅರ್ಧ ಅಡಿಯಷ್ಟು ಹೊದ್ದು ಕೂರಬೇಕು. ಆ ಜಾಗದ ಅಡಿಯಲ್ಲಿ ಪೈಪು ಇರಬೇಕು, ಎರಡು ಶೀಟನ್ನೂ ಸೇರಿಸಿ ಅಲ್ಲೇ ಸ್ಕ್ರೂ ಬೀಳಬೇಕು. ನಮ್ಮಲ್ಲಿ ಕೆಳಗಿನ ಶೀಟು ಪೈಪಿನ ನೆತ್ತಿಗೆ ಬಂದು ಮುಗಿದೇ ಹೋಯಿತು. ಬೆಸುಗೆ ಬಿಡಿಸಿ, ಪೈಪು ಇಳಿಸಿ, ಮತ್ತೆ ಕೂರಿಸಲು ಎರಡು ದಿನ ಹಿಡಿಯಿತು. ಮಳೆ ಬೇರೆ ಹತ್ತಿರ ಬಂದಿತ್ತು. ತಪ್ಪು ಅವರದ್ದಲ್ಲ. ‘ಅಂತರ’ ಅನ್ನುವ ಪದಕ್ಕೆ ಎರಡೂ ಅರ್ಥ ಇದೆ, ಅಲ್ವಾ?

ವೆಲ್ಡಿಂಗ್‌ನವರು ಇದಕ್ಕೆ ‘ಸೆಂಟರ್ ಟು ಸೆಂಟರ್’ ಅನ್ನುತ್ತಾರೆ. ಬಡಗಿಗಳ ಬಾಯಲ್ಲಿ ‘ಒಳ ಅಳತೆ’, ‘ಹೊರ ಅಳತೆ’ ಇವೆ. ಬಾಗಿಲಿನ ಚೌಕಟ್ಟಿಗೆ ಅವು ಚೆನ್ನಾಗಿ ಒಪ್ಪುತ್ತವೆ. ಆದರೆ ನಡುವಿನಿಂದ ನಡುವಿಗೆ ಹಿಡಿಯುವ ಅಳತೆಗೆ ಕನ್ನಡದಲ್ಲಿ ಏನನ್ನಬೇಕು? ‘ಮಧ್ಯಾಂತರ’ ಎಂದು ಬರೆದು ನೋಡಿದೆ. ಸಿನಿಮಾದ ಇಂಟರ್ವಲ್ ನೆನಪಾಯಿತು, ಹೊಡೆದು ಹಾಕಿದೆ.

ಆಮೇಲೆ ಹೊಳೆಯಿತು. ತೋಟದಲ್ಲಿ ಗುಂಡಿ ತೆಗೆಸುವಾಗ ನಾವು ‘ಅಂತರ’ ಅನ್ನುವುದೇ ಇಲ್ಲ. ಅರೇಬಿಕಾ ಆದರೆ ‘6 ಅಡಿಗೊಂದು ಗುಂಡಿ’, ರೋಬಸ್ಟಾ ಆದರೆ ‘10 ಅಡಿಗೊಂದು’ ಅನ್ನುತ್ತೇವೆ. ಗುಂಡಿಯ ಅಂಚಿನಿಂದ ಯಾರೂ ಅಳೆಯುವುದಿಲ್ಲ. ಗೂಟ ನೆಟ್ಟಲ್ಲಿಂದ ಗೂಟ ನೆಟ್ಟಲ್ಲಿಗೇ ಹಗ್ಗ ಹಿಡಿಯುತ್ತೇವೆ. ಹಾಗಾದರೆ ‘3 ಅಡಿಗೊಂದು ಪೈಪು’ ಅಂದಿದ್ದರೆ ಸಾಕಿತ್ತು. ‘-ಗೊಂದು’ ಅನ್ನುವ ಆ ಸಣ್ಣ ತುಂಡಿನಲ್ಲೇ ಲೆಕ್ಕ ಸರಿಯಾಗಿ ಕೂತಿದೆ. ನನಗೆ ಇದು ತುಂಬಾ ಇಷ್ಟವಾಯಿತು. ಸಂದಿನ ಅಗಲವನ್ನೇ ಹೇಳಬೇಕಿದ್ದರೆ ‘ಒಳ ಅಳತೆ’ ಇದ್ದೇ ಇದೆ. ಬೇರೆ ಊರಿನ ಕೆಲಸದವರೂ ‘ಅಡಿಗೊಂದು’ ಅಂದರೆ ನಡುವಿನ ಲೆಕ್ಕವನ್ನೇ ಹಿಡಿಯುತ್ತಾರಾ? ದಯವಿಟ್ಟು ತಿಳಿಸಿ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಅನ್ನಿಸಬಹುದು. ಬೇಕು. ತೆಳ್ಳನೆಯ ತಗಡಿನ ಅಡಿಯ ಪೈಪುಗಳು ಎರಡರಷ್ಟು ದೂರವಾದರೆ, ಅದೇ ಆಳು ನಟ್ಟನಡುವೆ ಕಾಲಿಟ್ಟಾಗ ಶೀಟು ಬಾಗುವುದು ಎಂಟರಷ್ಟು. ಸೂರಿನ ಕಡೆ ಗಾಳಿ ಎತ್ತುವುದು ಜಾಸ್ತಿ, ಅಲ್ಲಿ ಪೈಪು ಇನ್ನೂ ಹತ್ತಿರ ಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ಪಡುವಣ ಗಾಳಿ ಬೀಸುವಾಗ ಸರಿಯಾಗಿ ಕೂರದ ಒಂದು ಜೋಡಣೆ ಸಾಕು, ಸೌದೆ ಎಲ್ಲ ಒದ್ದೆ.

ಇನ್ನು ಆ ಅಡ್ಡ ಪೈಪಿನ ಹೆಸರು. ಹೆಂಚಿನ ಮನೆಯಲ್ಲಿ ಇಳಿಜಾರಿನ ಉದ್ದಕ್ಕೆ ಇರುವುದು ಪಕ್ಕಾಸು, ಅದರ ಮೇಲೆ ಅಡ್ಡಕ್ಕೆ ಹೊಡೆಯುವುದು ರೀಪು. ಕೇರಳದಿಂದ ಬರುವ ಆಚಾರಿಗಳು ಕಳುಕ್ಕೋಲು, ಪಟ್ಟಿಕ ಅನ್ನುತ್ತಾರೆ. ರೀಪು ಅನ್ನುವುದು ಇಂಗ್ಲಿಷಿನಿಂದ ಬಂದದ್ದು ಎಂದೇ ನಾನು ತಿಳಿದಿದ್ದೆ. ನೋಡಿದರೆ ಮರಾಠಿಯಲ್ಲಿ ‘ರೀಪ್’ ಇದೆ. ಇಲ್ಲಿದ್ದ ಇಂಗ್ಲಿಷರೂ ಅದನ್ನೇ ‘ರೀಪರ್’ ಮಾಡಿಕೊಂಡಿದ್ದರು. ತಗಡಿನ ಮಾಡಿನ ಅಡ್ಡ ಪೈಪಿಗೂ ರೀಪು ಅನ್ನಬಹುದಾ? ಬೇಡ ಅಂತ ನನ್ನ ಅನಿಸಿಕೆ. ಮಂಗಳೂರು ಹೆಂಚಿಗೆ ರೀಪು ಹೆಚ್ಚುಕಡಿಮೆ ಅಡಿಗೊಂದು. ರೀಪು ಅಂದ ಕೂಡಲೇ ಹಳೆಯ ಬಡಗಿಯ ಕೈ ಆ ಲೆಕ್ಕಕ್ಕೇ ಹೋಗುತ್ತದೆ. ‘ಅಡ್ಡ ಪೈಪು’ ಅನ್ನುವುದೇ ವಾಸಿ. ಶೀಟಿನ ಅಲೆಗೆ ಅಡ್ಡವಾಗಿ ಕೂರಬೇಕು ಅನ್ನುವುದೂ ಆ ಹೆಸರಿನಲ್ಲೇ ಬಂತು.

ಅಲೆ ಅಂದದ್ದಕ್ಕೆ ಇನ್ನೊಂದು ಮಾತು. ಪಠ್ಯಗಳಲ್ಲಿ ಈ ಶೀಟಿಗೆ ‘ಸುಕ್ಕುಗಟ್ಟಿದ ತಗಡು’ ಎಂದು ಬರೆದದ್ದು ನೋಡಿದ್ದೇನೆ. ಸುಕ್ಕು ಅಂದರೆ ಬಟ್ಟೆ ಮುದುಡಿದ್ದು, ಮುಖಕ್ಕೆ ವಯಸ್ಸಾದದ್ದು. ಇಲ್ಲಿ ಆ ಮಡಿಕೆಯೇ ತಗಡಿಗೆ ಬಲ ಕೊಡುವುದು. ‘ಅಲೆ ತಗಡು’ ಅಂದರೆ ಸಾಲದಾ? ಅಲೆಯ ಉಬ್ಬಿಗೆ ಸ್ಕ್ರೂ, ತಗ್ಗಿನಲ್ಲಿ ನೀರು, ಹೀಗೆ ಮಿಕ್ಕದ್ದನ್ನು ಹೇಳುವುದೂ ಸುಲಭ.

ಅಕ್ಕಪಕ್ಕದ ತೋಟದವರಿಗಾಗಿ ತಗಡಿನ ಮಾಡಿನ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಅದಕ್ಕೇ ಈ ಪತ್ರ. ಕೊನೆಯದಾಗಿ ಒಂದು ಪ್ರಶ್ನೆ, ಕೊಡವ ತಕ್ಕ್ ಮತ್ತು ಅರೆಭಾಷೆ ಆಡುವವರಿಗೆ. ನಿಮ್ಮ ಐನ್‌ಮನೆಯ, ಹಳೆ ಮನೆಯ ಮಾಡಿನಲ್ಲಿ ಪಕ್ಕಾಸಿನ ಮೇಲೆ ಅಡ್ಡಕ್ಕೆ ಇರುವ ಮರಕ್ಕೆ ಹಿರಿಯರು ಏನನ್ನುತ್ತಾರೆ? ಹುಲ್ಲಿನ ಮಾಡು ಇದ್ದ ಕಾಲದಲ್ಲಿ ಆ ಜಾಗದ ಬಿದಿರಿಗೂ ಅದೇ ಹೆಸರಾ, ಬೇರೆಯಾ?