ಬ್ಯಾಂಕ್ ಮುಳುಗಿದರೆ ಸರ್ಕಾರ ಕೈ ಹಿಡಿಯುತ್ತಾ? ಸಿಎ ವಸುಧಾ ಅವರಿಗೆ ಪ್ರಶ್ನೆಗಳು

ಮಂಜುನಾಥ: ಮೇಡಂ, 2020ರಲ್ಲಿ ಯೆಸ್ ಬ್ಯಾಂಕನ್ನು ಸರ್ಕಾರ ಉಳಿಸಿತಲ್ವಾ? ಹಾಗಾದರೆ ಎಲ್ಲಿಟ್ಟರೂ ದುಡ್ಡು ಭದ್ರವೇ?

ವಸುಧಾ: ಹಾಗಂದುಕೊಳ್ಳಬೇಡಿ. ಆಗ ಎಸ್‌ಬಿಐ ಮತ್ತು ಬೇರೆ ಬ್ಯಾಂಕ್‌ಗಳು ಬಂಡವಾಳ ಹಾಕಿದವು. ಮಾರ್ಚ್ 5ರಿಂದ 18ರವರೆಗೆ 50,000 ರೂಪಾಯಿಗಿಂತ ಜಾಸ್ತಿ ತೆಗೆಯಲು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ಠೇವಣಿ ಉಳಿಯಿತು. ಅದೇ ಬ್ಯಾಂಕಿನ ಎಟಿ1 ಬಾಂಡ್ (ಬ್ಯಾಂಕ್ ಕಷ್ಟಕ್ಕೆ ಸಿಕ್ಕರೆ ರದ್ದಾಗಬಹುದಾದ ಸಾಲಪತ್ರ) ಕೊಂಡವರ ಸುಮಾರು 8,415 ಕೋಟಿ ರೂಪಾಯಿಯನ್ನು ಸೊನ್ನೆ ಮಾಡಿದರು. ಅದು ಕೋರ್ಟ್ ಮೆಟ್ಟಿಲೇರಿತು. ನಿಮಗೆ ಕಾನೂನಿನ ಖಾತ್ರಿ ಇರುವುದು ಡಿಐಸಿಜಿಸಿ, ಅಂದರೆ ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ನಿಗಮದ ವಿಮೆಯಿಂದ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ.

ಗೀತಾ: ನನ್ನದು ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿದೆ. 15 ಲಕ್ಷ ಸಿಗುತ್ತಲ್ವಾ?

ವಸುಧಾ: ಇಲ್ಲ. ಎಲ್ಲ ಶಾಖೆ ಸೇರಿ 5.

ಸುರೇಶ್: ಲಾಕರ್‌ನಲ್ಲಿಟ್ಟ ಚಿನ್ನದ ಕತೆ ಏನು ಮೇಡಂ?

ರೇಣುಕಾ: ಮೇಡಂ, ಅಪ್ಪ ನಿವೃತ್ತಿಯ 18 ಲಕ್ಷವನ್ನೂ ನಮ್ಮೂರಿನ ಸೌಹಾರ್ದ ಸಹಕಾರಿಯಲ್ಲಿ ಇಟ್ಟಿದ್ದಾರೆ. ಬಡ್ಡಿ ಜಾಸ್ತಿ ಅಂತ. ಅವಧಿ ಮುಗಿದಿದೆ, ಕೇಳಿದರೆ ಮುಂದಿನ ವಾರ ಬನ್ನಿ ಅನ್ನುತ್ತಾರೆ. "ಯೆಸ್ ಬ್ಯಾಂಕನ್ನೇ ಉಳಿಸಿದವರು ನಮ್ಮನ್ನು ಬಿಡ್ತಾರಾ" ಅಂತ ಮ್ಯಾನೇಜರ್ ಧೈರ್ಯ ಹೇಳುತ್ತಾರಂತೆ.

ವಸುಧಾ: ರೇಣುಕಾ ಅವರೇ, ಇದು ನನಗೆ ನಿಜಕ್ಕೂ ಆತಂಕ ತಂದಿದೆ. ಮೊದಲು ಅದಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯಾ ನೋಡಿ. ಡಿಐಸಿಜಿಸಿ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕ್‌ಗಳ ಪಟ್ಟಿ ಇದೆ. ಕೆಲವು ಸೌಹಾರ್ದಗಳು ನಿಜವಾದ ಬ್ಯಾಂಕ್. ಬರೀ ಪತ್ತಿನ ಸಹಕಾರಿ ಆಗಿದ್ದರೆ ಆ 5 ಲಕ್ಷವೂ ಇಲ್ಲ, ಒಂದು ರೂಪಾಯಿಗೂ ವಿಮೆ ಇಲ್ಲ. ಅವಧಿ ಮುಗಿದ ಠೇವಣಿ ರಿನ್ಯೂ ಮಾಡಬೇಡಿ. ಹಣ ವಾಪಸ್ ಬೇಕೆಂದು ಬರೆದುಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಠೇವಣಿಯ ಮೂಲ ರಸೀದಿಯನ್ನು ಹಣ ಕೈಗೆ ಬರುವ ಮುಂಚೆ ಕೊಡಬೇಡಿ. ಅಪ್ಪ ಸದಸ್ಯರಾಗಿದ್ದರೆ ಆಡಿಟ್ ವರದಿ ಕೇಳಲಿ. ಇನ್ನೂ ಸತಾಯಿಸಿದರೆ ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಲಿಖಿತ ದೂರು ಕೊಡಿ. ಸರ್ಕಾರ ಬರುತ್ತದೆಂದು ಕಾಯಬೇಡಿ.

ರಾಘು: ಫಾರ್ವರ್ಡ್ ಬಂದಿದೆ: "ಬ್ಯಾಂಕ್ ಮುಳುಗಿದರೆ ನಿಮ್ಮ ಎಫ್‌ಡಿಯನ್ನು ಷೇರು ಮಾಡುತ್ತಾರೆ. ಇವತ್ತೇ ಮುರಿದು ಚಿನ್ನ ಕೊಳ್ಳಿ."

ವಸುಧಾ: ಮುಳುಗುವ ಬ್ಯಾಂಕ್‌ಗಳನ್ನು ನಿಭಾಯಿಸಲು ಸರ್ಕಾರ ತಂದಿದ್ದ 2017ರ ಎಫ್‌ಆರ್‌ಡಿಐ ಮಸೂದೆಯ ಕಾಲದ ಭಯ ಅದು. 2018ರಲ್ಲೇ ಮಸೂದೆ ವಾಪಸಾಯಿತು. ಇದನ್ನು ನಂಬಿ ವಯಸ್ಸಾದವರು ಎಫ್‌ಡಿ ಮುರಿದು ಬಡ್ಡಿ ಕಳೆದುಕೊಳ್ಳುತ್ತಾರೆ. ದಯವಿಟ್ಟು ಅಳಿಸಿ.

ರಾಘು: ಎಚ್ಚರಿಕೆಗೆ ಹಾಕಿದೆ, ತಪ್ಪೇನು?

ಬಸವರಾಜ: 2017ರಲ್ಲಿ ಸರ್ಕಾರಿ ಬ್ಯಾಂಕ್‌ಗಳಿಗೆ 2.11 ಲಕ್ಷ ಕೋಟಿ ಘೋಷಿಸಿದರು. ದೊಡ್ಡವರು ನುಂಗಿದ್ದಕ್ಕೆ ನಮ್ಮ ತೆರಿಗೆ. ರೈತರ ಸಾಲ ಮನ್ನಾ ಅಂದರೆ ಮಾತ್ರ ಕೂಗಾಟ!

ಮಂಜುನಾಥ: ಅದು ಬಂಡವಾಳ ಸ್ವಾಮಿ, ಮನ್ನಾ ಅಲ್ಲ. ಬ್ಯಾಂಕ್ ಮುಚ್ಚಿದರೆ ರೈತರ ಠೇವಣಿಯೂ ಮುಳುಗುತ್ತದೆ.

ಬಸವರಾಜ: ನೀವು ಹೊಲ ನೋಡಿದ್ದೀರಾ?

ಮಂಜುನಾಥ: ನನ್ನಪ್ಪ ರೈತರೇ. ಸುಮ್ನೆ ವೈಯಕ್ತಿಕಕ್ಕೆ ಬರಬೇಡಿ.

ಗೀತಾ: ಮೇಡಂ, ಎರಡು ಶಾಖೆ ಆದರೆ 10 ಲಕ್ಷ?

ವಸುಧಾ: ಮೇಲೆ ಓದಿ.

ಸುರೇಶ್: ಲಾಕರ್??

ರೇಣುಕಾ: ಮೇಡಂ, ಅಪ್ಪ ಈಗ ಅಲ್ಲೇ ಇದ್ದಾರೆ. ಇನ್ನೂ ಎರಡು ಲಕ್ಷ ಇಟ್ಟರೆ ಹಳೆಯದಕ್ಕೆ ಬೇಗ ದಾರಿ ಮಾಡುತ್ತೇವೆ ಅನ್ನುತ್ತಿದ್ದಾರಂತೆ.

ವಸುಧಾ: ಒಂದು ರೂಪಾಯಿಯೂ ಕೊಡಬಾರದು. ಈಗಲೇ ಅಪ್ಪನಿಗೆ ಫೋನ್ ಮಾಡಿ. ಯಾವ ಕಾಗದಕ್ಕೂ ಸಹಿ ಹಾಕದೆ ಹೊರಗೆ ಬರಲಿ.