ಪದಚರ್ಚೆ: ಟಾರ್ಕ್ ಕನ್ವರ್ಟರಿನ ‘ಸ್ಟಾಲ್ ಸ್ಪೀಡ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: 1960ರ ದಶಕದ ಷೆವ್ರೊಲೆ ಷೆವೆಲ್ ಕಾರಿನ ಆರು ಸಿಲಿಂಡರಿನ ಎಂಜಿನ್ ಇಳಿಸಿ, ಅದರ ಜಾಗದಲ್ಲಿ ಎಲ್‌ಎಸ್1 ಎಂಬ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸುವುದನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಟಾರ್ಕ್ ಕನ್ವರ್ಟರ್ (ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಪೆಟ್ಟಿಗೆಗೆ ದಾಟಿಸುವ ಸಾಧನ) ಆರಿಸುವ ಭಾಗದಲ್ಲಿ ಬರುವ ‘ಸ್ಟಾಲ್ ಸ್ಪೀಡ್’ ಎಂಬುದನ್ನು ‘ಎಂಜಿನ್ ನಿಲ್ಲುವ ವೇಗ’ ಎಂದು ಬರೆದಿದ್ದೇನೆ. ನಾಳೆ ಪುಟಗಳು ಅಚ್ಚಿಗೆ ಹೋಗಬೇಕಾಗಿರುವುದರಿಂದ, ಇದು ಸರಿಯೇ ಎಂದು ಬಲ್ಲವರು ದಯವಿಟ್ಟು ಬೇಗ ತಿಳಿಸಬೇಕು.

ಉತ್ತರ: ಸರಿಯಲ್ಲ. ಅಲ್ಲಿ ನಿಂತಿರುವುದು ಟರ್ಬೈನ್, ಅಂದರೆ ಕನ್ವರ್ಟರಿನೊಳಗೆ ಗೇರ್‌ಪೆಟ್ಟಿಗೆಯ ಕಡೆಗಿರುವ ಚಕ್ರ. ಎಂಜಿನ್ ತಿರುಗುತ್ತಲೇ ಇರುತ್ತದೆ. ಗೇರಿನಲ್ಲಿರುವ ಕಾರನ್ನು ಬ್ರೇಕಿನಿಂದ ಅಲುಗದಂತೆ ಹಿಡಿದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ಎಂಜಿನ್ನಿಗೆ ಜೋಡಿಸಿದ ಪಂಪು ಎಣ್ಣೆಯನ್ನು ಟರ್ಬೈನಿನತ್ತ ನೂಕುತ್ತಿದ್ದರೂ ಟರ್ಬೈನ್ ಕದಲುವುದಿಲ್ಲ. ಆ ಸ್ಥಿತಿಯಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ಏರಬಲ್ಲದೋ ಅದೇ ಸ್ಟಾಲ್ ವೇಗ. ‘ಎಂಜಿನ್ ನಿಲ್ಲುವ ವೇಗ’ ಎಂದರೆ ಎಂಜಿನ್ ಆಫ್ ಆಗುವ ವೇಗವೆಂದೇ ಓದುಗರು ತಿಳಿಯುತ್ತಾರೆ. ‘ತಡೆವೇಗ’ ಎಂದು ಬರೆಯಿರಿ. ಟರ್ಬೈನನ್ನು ತಡೆದಾಗಿನ ವೇಗವೆಂಬ ಅರ್ಥ ಅದರಲ್ಲಿ ನೇರವಾಗಿ ಸಿಗುತ್ತದೆ.

ಮರುಮಾತು: ‘ತಡೆವೇಗ’ ಅರಿಸಮಾಸ. ಕನ್ನಡದ ‘ತಡೆ’ಗೆ ಸಂಸ್ಕೃತದ ‘ವೇಗ’ವನ್ನು ಅಂಟಿಸುವುದಕ್ಕಿಂತ, ಇಡೀ ಪದವನ್ನು ‘ಸ್ಟಾಲ್ ಸ್ಪೀಡ್’ ಎಂದೇ ಉಳಿಸಿಕೊಳ್ಳುವುದು ಪ್ರಾಮಾಣಿಕವಾದ ದಾರಿ. ಮೆಕ್ಯಾನಿಕ್‌ಗಳ ಬಾಯಲ್ಲಿ ಇರುವುದೂ ಅದೇ.

ಉತ್ತರ: ಅರಿಸಮಾಸದ ಆಕ್ಷೇಪ ಇಲ್ಲಿ ನಿಲ್ಲದು. ‘ಮಳೆಗಾಲ’ವನ್ನು ಯಾರೂ ಕೈಬಿಟ್ಟಿಲ್ಲ. ಎರವಲು ಪದದ ಬಗ್ಗೆಯೂ ನನಗೆ ತಕರಾರಿಲ್ಲ, ‘ಕನ್ವರ್ಟರ್’, ‘ಟರ್ಬೈನ್’ ಹಾಗೆಯೇ ಇರಲಿ. ಆದರೆ ‘ಸ್ಟಾಲ್’ ಎಂಬುದನ್ನು ನಮ್ಮ ಜನ ಈಗಾಗಲೇ ಎಂಜಿನ್ ಆಫ್ ಆಗುವುದಕ್ಕೂ ಬಳಸುತ್ತಾರೆ. ಎರವಲು ತಂದ ಪದವೇ ಎರಡು ಅರ್ಥಕ್ಕೆ ಎಳೆದಾಡುವಾಗ, ಒಂದೇ ಅರ್ಥ ಹೇಳುವ ಕನ್ನಡ ಪದವನ್ನು ದೂರವಿಡುವುದು ಹಟವಷ್ಟೇ.

ಪ್ರಶ್ನೆ ಕೇಳಿದವರು ಗಮನಿಸಬೇಕಾದ ಇನ್ನೂ ದೊಡ್ಡ ವಿಷಯವಿದೆ. ‘ಈ ಕನ್ವರ್ಟರಿನ ತಡೆವೇಗ 1700’ ಎಂದಷ್ಟೇ ಬರೆದರೆ ವಾಕ್ಯ ಅಪೂರ್ಣ, ಏಕೆಂದರೆ ಈ ವೇಗ ಕನ್ವರ್ಟರ್ ಒಂದರದೇ ಗುಣವಲ್ಲ. ಎಂಜಿನ್ನಿನ ಟಾರ್ಕಿನ (ತಿರುಗಿಸುವ ಬಲದ) ವರ್ಗಮೂಲಕ್ಕೆ ತಕ್ಕಂತೆ ಅದು ಏರುತ್ತದೆ. ಆ ಸುತ್ತಿನಲ್ಲಿ 200 ಪೌಂಡ್-ಅಡಿ ಟಾರ್ಕ್ ಕೊಡುವ ಎಂಜಿನ್ನಿನ ಹಿಂದೆ 1700 ತಡೆವೇಗ ತೋರುವ ಕನ್ವರ್ಟರನ್ನೇ 300 ಪೌಂಡ್-ಅಡಿ ಕೊಡುವ ಎಂಜಿನ್ನಿಗೆ ಜೋಡಿಸಿದರೆ ತಡೆವೇಗ ಸುಮಾರು 2080ಕ್ಕೆ ಹೋಗುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ಸುತ್ತಿನಲ್ಲಿ ಸಿಗುವ ಟಾರ್ಕನ್ನೇ ಹೊರತು ಕೈಪಿಡಿಯಲ್ಲಿ ಅಚ್ಚಾದ ಗರಿಷ್ಠ ಟಾರ್ಕನ್ನಲ್ಲ. ಎಂಜಿನ್ ಚೆನ್ನಾಗಿ ಎಳೆಯತೊಡಗುವ ಸುತ್ತಿಗಿಂತ ತಡೆವೇಗ ತುಂಬಾ ಕೆಳಗಿದ್ದರೆ ಕಾರು ಹೊರಡುವಾಗ ಮಂದವಾಗುತ್ತದೆ. ತೀರ ಮೇಲಿದ್ದರೆ ಪಂಪು ಮತ್ತು ಟರ್ಬೈನಿನ ನಡುವಿನ ಜಾರಿಕೆ ಹೆಚ್ಚಿ ಎಣ್ಣೆ ಕಾಯುತ್ತದೆ. ಆದ್ದರಿಂದ ನಿಮ್ಮ ಅನುವಾದದಲ್ಲಿ ಅಂಕಿ ಬಂದಲ್ಲೆಲ್ಲ ‘ಇಂಥ ಎಂಜಿನ್ನಿನೊಡನೆ ತಡೆವೇಗ ಇಷ್ಟು’ ಎಂದೇ ಬರೆಯಿರಿ.